ಜಾಕ್ಸನ್ ಹೈಟ್ಸ್‌ನಿಂದ ಅಪ್ಪನಿಗೆ

ಪ್ರೀತಿಯ ಅಪ್ಪ,

ನಮಸ್ಕಾರಗಳು. ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಈಗ ಹೇಗಿದೆ? ನಮ್ಮ ಏರಿಯಾ ಎಂಥದ್ದು, ಸುತ್ತಮುತ್ತ ಯಾರಿದ್ದಾರೆ ಅಂತ ಕೇಳಿದ್ರಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಜಾಕ್ಸನ್ ಹೈಟ್ಸ್ ಇರುವುದು ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ. ಮೊದಲು ಬರೀ ಹೊಲಗದ್ದೆ. 1909ರಲ್ಲಿ ನದಿಗೆ ಸೇತುವೆ ಆಯಿತು, 1917ರಲ್ಲಿ ರೈಲು ಬಂತು. ಎಡ್ವರ್ಡ್ ಮ್ಯಾಕ್‌ಡೂಗಲ್ ಎಂಬುವರ ಕಂಪನಿ ಜಮೀನು ಕೊಂಡು ಇಟ್ಟಿಗೆಯ ಅಪಾರ್ಟ್‌ಮೆಂಟುಗಳನ್ನು ಕಟ್ಟಿಸಿತು. ಬೀದಿಯಲ್ಲಿ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕಟ್ಟಡಗಳ ಬೆನ್ನಿಗೆ, ಬ್ಲಾಕಿನ ಒಳಗಡೆ, ಅಂದರೆ ನಾಲ್ಕು ಬೀದಿಗಳ ನಡುವಿನ ಜಾಗದಲ್ಲಿ, ಉದ್ದಕ್ಕೂ ತೋಟ ಇದೆ. ದೊಡ್ಡ ದೊಡ್ಡ ಮರ, ಹುಲ್ಲು, ಕಲ್ಲಿನ ಬೆಂಚು. ಎರಡೂ ಕಡೆಯ ಮನೆಗಳ ಕಿಟಕಿ ಅದಕ್ಕೇ ತೆರೆಯುತ್ತವೆ. ಎಷ್ಟು ಚೆಂದ ಯೋಚನೆ ಮಾಡಿ ಕಟ್ಟಿದ್ದಾರೆ ಅಂತ ಈಗಲೂ ನನಗೆ ಅನ್ನಿಸುತ್ತದೆ.

ಆದರೆ ಆ ತೋಟದ ಗೇಟಿಗೆ ಬೀಗ. ಅಲ್ಲಿ ಇರುವವರಿಗೆ ಮಾತ್ರ ಪ್ರವೇಶ. ಆಗ ಯೆಹೂದಿಗಳಿಗೆ, ಕಪ್ಪು ಜನರಿಗೆ ಇಲ್ಲಿ ಮನೆಯನ್ನೇ ಕೊಡುತ್ತಿರಲಿಲ್ಲ. ನಮ್ಮವರ ಕಥೆ ಕೇಳಿ: ರೈಲು ಬಂದ ಅದೇ 1917ರಲ್ಲಿ, ಭಾರತದವರು ವಲಸೆ ಬರಲೇಬಾರದು ಅಂತ ಅಮೆರಿಕ ಕಾನೂನು ಮಾಡಿತು. ಇದನ್ನು ಓದಿದ ದಿನ ನನಗೆ ತುಂಬಾ ಸಂಕಟ ಆಯಿತು ಅಪ್ಪ.

1965ರಲ್ಲಿ ಕಾನೂನು ಬದಲಾಯಿತು. ಎಪ್ಪತ್ತರ ದಶಕದಲ್ಲಿ 74ನೇ ಬೀದಿಯಲ್ಲಿ ನಮ್ಮವರ ಅಂಗಡಿಗಳು ಶುರುವಾದವು. ಊರಿಗೆ ಒಯ್ಯಲು ಅಲ್ಲಿನ ಕರೆಂಟಿಗೆ ಹೊಂದುವ 220 ವೋಲ್ಟಿನ ಸಾಮಾನು, ಸೀರೆ, ಚಿನ್ನ, ಎಲ್ಲಾ ಒಂದೇ ಬೀದಿಯಲ್ಲಿ. ಈಗ ಕೊಲಂಬಿಯಾದವರು, ಬಾಂಗ್ಲಾದವರು, ನೇಪಾಳಿಗಳು, ಟಿಬೆಟಿನವರು ಜಾಸ್ತಿ.

ತೋಟಗಳಿಗೆ ಬೀಗ ಇದ್ದದ್ದರಿಂದ, ಹೊರಗಿನವರಿಗೆ ಪಾರ್ಕ್ ಅಂತ ಇದ್ದದ್ದು ತುಂಬಾ ಕಡಿಮೆ. 2020ರಲ್ಲಿ ಕೊರೊನಾ ಈ ಕಡೆ ಬಹಳ ಜನರನ್ನು ಬಲಿ ತೆಗೆದುಕೊಂಡಿತು. ಆಗ 34ನೇ ಅವೆನ್ಯೂವಿನಲ್ಲಿ ಕಾರುಗಳ ಓಡಾಟ ನಿಲ್ಲಿಸಿ ರಸ್ತೆಯನ್ನು ಜನರಿಗೆ ಬಿಟ್ಟರು, 26 ಬ್ಲಾಕ್ ಉದ್ದ. ಇಲ್ಲಿನ ಜನವೇ ಹೋರಾಡಿ ಅದನ್ನು ಉಳಿಸಿಕೊಂಡಿದ್ದಾರೆ. ಮಕ್ಕಳು ನಡುರಸ್ತೆಯಲ್ಲೇ ಸೈಕಲ್ ಕಲಿಯುತ್ತಾರೆ. ವಯಸ್ಸಾದವರು ಮನೆಯಿಂದ ಕುರ್ಚಿ ತಂದು ಹಾಕಿಕೊಳ್ಳುತ್ತಾರೆ.

ನೀವು ಬಂದರೆ ಸಂಜೆ ವಾಕಿಂಗ್ ಅಲ್ಲೇ. ಅಮ್ಮನಿಗೂ ಆಗುತ್ತದೆ, ರಸ್ತೆ ಸಮ ಇದೆ, ನಡುವೆ ಬೆಂಚುಗಳೂ ಇವೆ. ಏಪ್ರಿಲ್ ಕೊನೆಗೆ ಚಳಿ ಕಡಿಮೆ ಆಗುತ್ತದೆ, ಮೇ ತಿಂಗಳಿಗೇ ಟಿಕೆಟ್ ನೋಡಲೇ?

ನಿಮ್ಮ ಮಗಳು