ಟಿ.ವಿ. ಹಿಂದಿನ ಎರಡು ಕೆಂಪು ತೂತುಗಳು

ಮಾನ್ಯ ಸಂಪಾದಕರೇ,

ಈ ಮಳೆಗಾಲದಲ್ಲಿ ನಾನು ಒಂಬತ್ತು ದಿನ ಕಪ್ಪು ಬಿಳುಪಿನಲ್ಲಿ ಯಕ್ಷಗಾನ ನೋಡಿದೆ. ಬಣ್ಣದ ವೇಷಕ್ಕೇ ಬಣ್ಣ ಇಲ್ಲದಿದ್ದರೆ ನೋಡುವುದಾದರೂ ಏನನ್ನು? ಚೆಂಡೆಯೂ ಕೇಳುತ್ತಿರಲಿಲ್ಲ. ಇಷ್ಟಕ್ಕೆಲ್ಲ ಕಾರಣ ಹೊಸ ಟಿ.ವಿ.ಯ ಬೆನ್ನಿಗಿರುವ ಎರಡು ಕೆಂಪು ತೂತುಗಳು.

ನಾನು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರವಳು. ಪ್ರಾಥಮಿಕ ಶಾಲೆಯಲ್ಲಿ 34 ವರ್ಷ ಪಾಠ ಮಾಡಿ ನಿವೃತ್ತಳಾದೆ. ಮನೆಯಲ್ಲಿ ಹಳೇ ಡಿವಿಡಿ ಪ್ಲೇಯರ್ ಒಂದಿದೆ. 2011ರಲ್ಲಿ ಶಿವಮೊಗ್ಗದಿಂದ ತಂದ ಹೋಂ ಥಿಯೇಟರ್ ಇದೆ. ಐದು ಸ್ಪೀಕರ್, ಒಂದು ದೊಡ್ಡ ವೂಫರ್. ವೈರೆಲ್ಲ ಜೋಡಿಸಿದ್ದು ನಮ್ಮ ಯಜಮಾನರು. ಅವರು ತೀರಿಹೋಗಿ ನಾಲ್ಕು ವರ್ಷವಾಯಿತು. ಮಗಳು ಬೆಂಗಳೂರಿನಿಂದ ಹೊಸ ಟಿ.ವಿ. ಕಳಿಸಿದ ಮೇಲೆ ಅವರು ಜೋಡಿಸಿದ್ದನ್ನು ಬಿಚ್ಚಲೇಬೇಕಾಯಿತು. ಯಾವ ವೈರ್ ಎಲ್ಲಿತ್ತು ಅಂತ ಮೊಬೈಲಿನಲ್ಲಿ ಒಂದು ಫೋಟೊ ಹೊಡೆದಿಟ್ಟುಕೊಳ್ಳುವ ಬುದ್ಧಿ ಆಗ ಬರಲಿಲ್ಲ.

ಟಿ.ವಿ. ಕೂರಿಸಲು ಬಂದ ಹುಡುಗ ಪ್ಲೇಯರ್ ನೋಡಿ ನಕ್ಕ. "ಅಮ್ಮಾ, ಇದನ್ನೆಲ್ಲ ಗುಜರಿಗೆ ಹಾಕಿ. ಯೂಟ್ಯೂಬ್‌ನಲ್ಲಿ ಎಲ್ಲಾ ಸಿಗುತ್ತೆ" ಅಂದ. ನಮ್ಮೂರ ಶಾಲೆಯ ಬಯಲಿನಲ್ಲಿ ನಡೆದ ಯಕ್ಷಗಾನದ ಆಟ ನನ್ನ ಡಿವಿಡಿಯಲ್ಲಿದೆ, ಯೂಟ್ಯೂಬ್‌ನಲ್ಲಿಲ್ಲ. ಮಗಳ ಮದುವೆಯೂ ಇಲ್ಲ. ಇದ್ದರೂ ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲಿನ ಗೇರುಮರದ ಬುಡದಲ್ಲಿ. ಟಿ.ವಿ. ಅಲ್ಲಿಗೆ ಹೊತ್ತುಕೊಂಡು ಹೋಗಲೇ? ಹುಡುಗ ಕಾಫಿ ಕುಡಿದು ಹೋದ. ಉಳಿದದ್ದು ನಾನು ಮತ್ತು ವೈರು.

ಹಳೇ ಟಿ.ವಿ.ಯಲ್ಲಿ ಹಳದಿ, ಬಿಳಿ, ಕೆಂಪು ಅಂತ ಮೂರು ತೂತಿದ್ದವು. ಪ್ಲೇಯರಿನಲ್ಲೂ ಅವೇ ಮೂರು ಬಣ್ಣ. ಒಂದನೇ ಕ್ಲಾಸಿನ ಮಕ್ಕಳೂ ಜೋಡಿಸುತ್ತಿದ್ದರು. ಹೊಸದರಲ್ಲಿ ಹಸಿರು, ನೀಲಿ, ಕೆಂಪು, ಬಿಳಿ, ಮತ್ತೆ ಕೆಂಪು. ಹಳದಿ ಇಲ್ಲವೇ ಇಲ್ಲ! ಪಕ್ಕದಲ್ಲಿ ಏನೋ ಬರೆದಿದ್ದಾರೆ. ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಕಪ್ಪು ಅಕ್ಷರ. ಟಾರ್ಚ್ ಬಿಟ್ಟು ಫೋಟೊ ತೆಗೆದು ದೊಡ್ಡದು ಮಾಡಿದರೆ ಮಾತ್ರ ಕಾಣುತ್ತದೆ. ಡಬ್ಬದಲ್ಲಿದ್ದ ಪುಸ್ತಕದಲ್ಲಿ ಇಂಗ್ಲಿಷ್ ಇತ್ತು, ಹಿಂದಿ ಇತ್ತು. ಕನ್ನಡದ ಒಂದು ಸಾಲೂ ಇರಲಿಲ್ಲ.

ನಾನು ಬಿಳಿ ಪಿನ್ನನ್ನು ಬಿಳಿಗೆ ಹಾಕಿದೆ. ಕೆಂಪನ್ನು ಮೊದಲು ಕಂಡ ಕೆಂಪಿಗೆ ಹಾಕಿದೆ. ಹಳದಿಯನ್ನು ನೀಲಿಗೆ ಹಾಕಿದರೆ ಏನೂ ಬರಲಿಲ್ಲ. ಹಸಿರಿಗೆ ಹಾಕಿದಾಗ ಚಿತ್ರ ಬಂತು, ಬಣ್ಣ ಬರಲಿಲ್ಲ. ಶಬ್ದ ಎಡಗಡೆ ಮಾತ್ರ. ನಮ್ಮ ಆ ರೆಕಾರ್ಡಿಂಗಿನಲ್ಲಿ ಭಾಗವತರು ಎಡಕ್ಕೆ, ಚೆಂಡೆ ಬಲಕ್ಕೆ. ಹಾಗಾಗಿ ಚೆಂಡೆಯವನು ಬೀಡಿ ಸೇದಲು ಎದ್ದುಹೋದ ಹಾಗಿತ್ತು. ಪ್ಲೇಯರೇ ಕೆಟ್ಟಿದೆ ಅಂದುಕೊಂಡು ಒಂಬತ್ತು ದಿನ ಸುಮ್ನೆ ಹಾಗೇ ನೋಡಿದೆ.

ಹತ್ತನೇ ದಿನ ನನ್ನ ಹಳೇ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಮದುವೆಗೆ, ಆಟಕ್ಕೆ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಮಗ್ಗಿ ಬರುತ್ತಿರಲಿಲ್ಲ ಅಂತ ಅವನನ್ನು ಎಷ್ಟು ಸಲ ನಿಲ್ಲಿಸಿದ್ದೇನೋ. ಟಿ.ವಿ. ಹಿಂದೆ ಬಗ್ಗಿ ನೋಡಿದವನೇ, "ಟೀಚರ್, ಈ ಕೆಂಪು ಶಬ್ದದ್ದಲ್ಲ, ಚಿತ್ರದ್ದು" ಅಂದ.

ಅವನು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಹಳದಿ ವೈರಿನಲ್ಲಿ ಚಿತ್ರದ ಬೆಳಕು, ಬಣ್ಣ ಎರಡೂ ಕಲಸಿಕೊಂಡು ಬರುತ್ತವೆ. ಹಸಿರು, ನೀಲಿ, ಕೆಂಪು ಮೂರು ತೂತು ಒಂದು ಗುಂಪು. ಅದಕ್ಕೆ ಕಾಂಪೊನೆಂಟ್ ಅನ್ನುತ್ತಾರೆ. ಅಲ್ಲಿ ಹಸಿರಿನಲ್ಲಿ ಬೆಳಕು ಬರುತ್ತದೆ, ಬಣ್ಣದ ಲೆಕ್ಕ ನೀಲಿ ಮತ್ತು ಕೆಂಪಿನಲ್ಲಿ ಬರುತ್ತದೆ. ಜಾಗ ಉಳಿಸಲು ಎಷ್ಟೋ ಟಿ.ವಿ.ಗಳಲ್ಲಿ ಹಸಿರು ತೂತಿಗೇ ಹಳದಿಯ ಕೆಲಸವನ್ನೂ ಕೊಟ್ಟಿರುತ್ತಾರೆ. ಆದರೆ ನಮಗೆ ಬೇಕಾದದ್ದು ಯಾವುದು ಅಂತ ರಿಮೋಟಿನಲ್ಲಿ ನಾವೇ ಹೇಳಬೇಕು. ನಾನು ಕಾಂಪೊನೆಂಟ್ ಒತ್ತಿದ್ದೆ. ಬರದ ಬಣ್ಣಕ್ಕಾಗಿ ಟಿ.ವಿ. ಕಾಯುತ್ತಿತ್ತು. ಹಳದಿ ವೈರಿಗೆ ಹೊಂದುವ ಎವಿ ಅಂತ ಒತ್ತಿದ ತಕ್ಷಣ ಬಣ್ಣದ ವೇಷದ ಮುಖ ಕೆಂಪಾಯಿತು. ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಆಮೇಲೆ ಅವನು ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. "ಇಷ್ಟು ದೊಡ್ಡ ಹೋಂ ಥಿಯೇಟರ್ ಇಟ್ಟುಕೊಂಡು ಶಬ್ದವನ್ನು ಟಿ.ವಿ.ಗೆ ಯಾಕೆ ಕಳಿಸ್ತೀರಿ ಟೀಚರ್? ಚಿತ್ರ ಟಿ.ವಿ.ಗೆ ಹೋಗಲಿ, ಶಬ್ದ ಸೀದಾ ಇಲ್ಲಿಗೆ ಬರಲಿ." ಅಂದರೆ ಎರಡನೇ ಕೆಂಪು ತೂತೂ ನನಗೆ ಬೇಕಿರಲಿಲ್ಲ! ಪ್ಲೇಯರಿನ ಹಿಂದೆ ಆರು ತೂತುಗಳ ಸಾಲೊಂದಿದೆ. ಮುಂದಿನ ಎರಡು, ಹಿಂದಿನ ಎರಡು, ನಡುವಿನದೊಂದು, ವೂಫರ್‌ನದೊಂದು. ಅಷ್ಟೇ ತೂತು ಹೋಂ ಥಿಯೇಟರಿನಲ್ಲೂ ಇವೆ. ಇಲ್ಲಿಯ ಔಟ್‌ನಿಂದ ಅಲ್ಲಿಯ ಇನ್‌ಗೆ. ತೋಟಕ್ಕೆ ಪೈಪ್ ಎಳೆದ ಹಾಗೆ, ಕೆರೆಯ ಕಡೆ ಒಂದು ತುದಿ, ಅಡಿಕೆ ಬುಡಕ್ಕೆ ಒಂದು ತುದಿ. ನಾನು ಇದಕ್ಕೂ ಮುಂಚೆ ಎರಡೂ ಕಡೆ ಔಟ್‌ಗೇ ಹಾಕಿ ನೋಡಿದ್ದೆ ಅಂತ ಅವನಿಗೆ ಹೇಳಲಿಲ್ಲ. ಟೀಚರ್ ಅಲ್ವಾ.

ಪಿನ್ನುಗಳಿಗೆ ಕಿಲುಬು ಹಿಡಿದಿತ್ತು. ನಮ್ಮ ಮಳೆಗೆ ಇದು ಮಾಮೂಲು. ಸ್ವಿಚ್ ಆರಿಸಿ, ಒಣಬಟ್ಟೆಯಲ್ಲಿ ತಿರುಚಿ ಒರೆಸಿದ. ಬೂಷ್ಟು ಬಂದ ಡಿಸ್ಕನ್ನು ನಾನು ದೋಸೆ ಹೊಯ್ದ ಹಾಗೆ ಸುತ್ತಲೂ ಒರೆಸುತ್ತಿದ್ದೆ. ಹಾಗಲ್ಲವಂತೆ, ನಡುವಿನಿಂದ ಅಂಚಿಗೆ ನೇರ ಎಳೆಯಬೇಕಂತೆ.

ಇನ್ನೊಂದು ಮಾತು. ಎಲ್ಲಾ ಸರಿಯಾದ ಮೇಲೂ ಯಕ್ಷಗಾನ ಹಾಕಿದರೆ ಮುಂದಿನ ಎರಡು ಸ್ಪೀಕರ್ ಮಾತ್ರ ಹಾಡುತ್ತವೆ. ನಡುವಿನದು ಕೆಟ್ಟಿದೆ ಅಂತ ನಾನು ಸ್ಕ್ರೂಡ್ರೈವರ್ ಹುಡುಕುತ್ತಿದ್ದೆ. ಊರಿನ ಕ್ಯಾಮೆರಾದವರು ರೆಕಾರ್ಡ್ ಮಾಡಿದ್ದೇ ಎಡ, ಬಲ ಅಂತ ಎರಡು ದಾರಿಯಲ್ಲಿ, ಮೂರನೆಯದು ಎಲ್ಲಿಂದ ಬರಬೇಕು? 5.1 (ಐದು ಸ್ಪೀಕರ್, ಒಂದು ವೂಫರ್) ಅಂತ ಬರೆದಿರುವ ಸಿನಿಮಾ ಡಿಸ್ಕ್ ಹಾಕಿ, ಪ್ಲೇಯರಿನ ಸೆಟಪ್‌ನಲ್ಲೂ ಸ್ಟೀರಿಯೊ ತೆಗೆದು 5.1 ಮಾಡಿದಾಗ ನಡುವಿನದು ಮಾತನಾಡಿತು.

ಸಾಗರದಲ್ಲಿರುವ ನನ್ನ ತಂಗಿಯದು ಸ್ವಲ್ಪ ಹೊಸ ಪ್ಲೇಯರ್. ಅದರಲ್ಲಿ ಎಚ್‌ಡಿಎಂಐ ಇದೆ, ಒಂದೇ ವೈರಿನಲ್ಲಿ ಚಿತ್ರ, ಶಬ್ದ ಎರಡೂ ಟಿ.ವಿ.ಗೆ ಹೋಗುತ್ತವೆ. ಅಲ್ಲಿಗೇ ಕಷ್ಟ ಮುಗಿಯಲಿಲ್ಲ. ಟಿ.ವಿ.ಯಿಂದ ಶಬ್ದ ಅದೇ ಥರದ ವೈರಿನಲ್ಲಿ ಹೋಂ ಥಿಯೇಟರಿಗೆ ವಾಪಸ್ ಬರಬೇಕಾದರೆ ಎರಡೂ ಕಡೆ ಎಆರ್‌ಸಿ ಅನ್ನುವ ತೂತಿರಬೇಕು. ಅದು ಬಂದದ್ದೇ 2009ರ ಎಚ್‌ಡಿಎಂಐ 1.4 ಆವೃತ್ತಿಯ ಜೊತೆ. ಅವಳ ಹೋಂ ಥಿಯೇಟರ್ ಅದಕ್ಕಿಂತ ಹಳೆಯದು. ಕೊನೆಗೆ ಪ್ಲೇಯರಿನಿಂದಲೇ ಸೀದಾ ಆಪ್ಟಿಕಲ್ ವೈರ್ ಹಾಕಿದಳು. ವೈರಿನ ತುದಿಯ ಪ್ಲಾಸ್ಟಿಕ್ ಟೊಪ್ಪಿ ತೆಗೆಯದೆ ಅರ್ಧ ಗಂಟೆ ಒತ್ತಿದಳಂತೆ. ಡಿಜಿಟಲ್ ಔಟ್‌ಪುಟ್ ಪಿಸಿಎಂ ಅನ್ನುವ ಆಯ್ಕೆಯಲ್ಲಿದ್ದರೆ ಆ ವೈರಿನಲ್ಲಿ ಎರಡೇ ದಾರಿ ಬರುತ್ತದೆ. ಬಿಟ್‌ಸ್ಟ್ರೀಮ್ ಅಂತ ಬದಲಾಯಿಸಿ, ಡಿಸ್ಕಿನ ಶಬ್ದ ಇದ್ದ ಹಾಗೇ ಹೋಂ ಥಿಯೇಟರಿಗೆ ಹೋಗುವಂತೆ ಮಾಡಿದ ಮೇಲೆ ಅವಳ ಹಿಂದಿನ ಸ್ಪೀಕರುಗಳಿಗೂ ಜೀವ ಬಂತು.

ಈಗ ನನ್ನ ತಕರಾರಿಗೆ ಬರುತ್ತೇನೆ. ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಪ್ರಕಾರ, ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು, ಬಳಸುವ ಬಗೆ ಕನ್ನಡದಲ್ಲೂ ಇರಬೇಕು. ಒಳ್ಳೆಯದೇ. ಆದರೆ ನನ್ನ ಟಿ.ವಿ. ತಯಾರಾದದ್ದು ಹೊರಗೆ, ನಾನು ಬಳಸುವುದು ಇಲ್ಲಿ. ಇಲ್ಲಿ ಮಾರುವ ವಸ್ತುವಿಗೂ ಆ ಮಾತು ಅನ್ವಯಿಸಲಿ ಅಂತ ಸರ್ಕಾರವನ್ನು ಕೇಳುತ್ತೇನೆ. ದಪ್ಪ ಪುಸ್ತಕ ಬೇಡ. ಯಾವ ತೂತು ಯಾವುದಕ್ಕೆ ಅಂತ ಒಂದು ಚಿತ್ರ, ಕನ್ನಡದಲ್ಲಿ ನಾಲ್ಕು ಸಾಲು. ಅಂಗಡಿಯವರಲ್ಲೂ ಒಂದು ವಿನಂತಿ. ಟಿ.ವಿ. ಮಾರುವಾಗ ಪರದೆ ಎಷ್ಟು ಇಂಚು ಅಂತ ಕೇಳುತ್ತೀರಿ. ಮನೆಯಲ್ಲಿ ಹಳೇ ಪ್ಲೇಯರ್ ಏನಾದರೂ ಇದೆಯಾ ಅಂತಲೂ ಕೇಳಿ. ಈಗಿನ ಕೆಲವು ಟಿ.ವಿ.ಗಳಲ್ಲಿ ಹಸಿರು ತೂತೂ ಇರುವುದಿಲ್ಲ. ಒಂದು ಸಣ್ಣ ತೂತಿಗೆ ಬೇರೆ ವೈರ್ ಬೇಕಾಗುತ್ತದೆ, ಅದೂ ಆ ಟಿ.ವಿ.ಗೆ ಹೊಂದುವಂಥದ್ದೇ ಆಗಬೇಕು. ಅದನ್ನು ಡಬ್ಬದ ಜೊತೆಯೇ ಕೊಡಿ. ನಲವತ್ತು ಕಿಲೋಮೀಟರ್ ಬಸ್ಸಿನಲ್ಲಿ ಬಂದು ಒಂದು ವೈರ್ ಕೊಳ್ಳುವುದು ಮಳೆಗಾಲದಲ್ಲಿ ಸುಲಭವಲ್ಲ.

ಸದ್ಯಕ್ಕೆ ನಾನೇ ಹಳೇ ಕ್ಯಾಲೆಂಡರಿನ ಹಿಂಬದಿಗೆ ಸ್ಕೆಚ್ ಪೆನ್ನಿನಲ್ಲಿ ಒಂದು ಚಿತ್ರ ಬರೆದು ಟಿ.ವಿ. ಹಿಂದಿನ ಗೋಡೆಗೆ ಅಂಟಿಸಿದ್ದೇನೆ. ಅದರ ಜೆರಾಕ್ಸನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಜೆರಾಕ್ಸಿನಲ್ಲಿ ಬಣ್ಣ ಬಂದಿಲ್ಲ, ಅದಕ್ಕೇ ಪ್ರತಿ ತೂತಿನ ಕೆಳಗೆ ಹೆಸರು ಬರೆದಿದ್ದೇನೆ.

ಇಂತಿ ನಿಮ್ಮ ಓದುಗಳು,
ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ