ಹಾರೋ ಓತಿನ ಹಿಡಿಬೇಡಿ

ಸಂಪಾದಕರೇ, ನಮಸ್ಕಾರ. ಮೊನ್ನೆ ಶಿರಸಿ ಹತ್ರ ನಮ್ಮ ತೋಟದಲ್ಲಿ ಇಬ್ರು ಹುಡುಗ್ರು ರೀಲ್ಸ್ ಮಾಡೋಕೆ ಅಂತ ಹಾರೋ ಓತಿ ಹಿಡಿದು ರೆಕ್ಕೆ ಬಿಡಿಸಿ ಎಳೀತಿದ್ರು, ನೋಡಿ ಹೊಟ್ಟೆ ಉರಿದೋಯ್ತು. ಅದು ರೆಕ್ಕೆನೇ ಅಲ್ಲ, ಉದ್ದ ಬೆಳೆದ ಪಕ್ಕೆಲುಬಿಗೆ ಹೊದಿಸಿದ ಚರ್ಮ, ಎಳೆದ್ರೆ ಹರಿದೇ ಹೋಗತ್ತೆ. ಡ್ರಾಕೊ ಅನ್ನೋ ಈ ಕುಲದಲ್ಲಿ ಸುಮಾರು 40 ಜಾತಿ, ಹೆಚ್ಚಿನವು ಆಗ್ನೇಯ ಏಷ್ಯಾದ ಕಾಡಲ್ಲಿ, ನಮ್ಮ ಪಶ್ಚಿಮ ಘಟ್ಟದಲ್ಲಿರೋದು ಒಂದೇ. ಗಂಡು ಅಡಿಕೆ ಮರಕ್ಕೆ ಅಂಟ್ಕೊಂಡು ಗಂಟಲಿನ ಹಳದಿ ತೊಗಲು ಆಡಿಸೋದು ಎಷ್ಟು ಚೆಂದ! ಇರುವೆ ತಿಂದ್ಕೊಂಡು ಮರದಲ್ಲೇ ಇರತ್ತೆ, ಹೆಣ್ಣು ಮೊಟ್ಟೆ ಇಡೋಕೆ ನೆಲಕ್ಕಿಳಿದು ಮಣ್ಣು ಕೆದರತ್ತೆ, ಸಿಕ್ಕಿಬೀಳೋದು ಆವಾಗ್ಲೇ. ತೋಟದವ್ರು, ಶಾಲೆ ಮಾಸ್ತರು, ಅಕ್ಕೋರು ದಯವಿಟ್ಟು ಮಕ್ಕಳಿಗೆ ಹೇಳಿ, ದೂರದಿಂದ ನೋಡ್ಲಿ, ಮುಟ್ಟೋದು ಬೇಡ.

– ಒಬ್ಬ ಅಡಿಕೆ ಬೆಳೆಗಾರ, ಶಿರಸಿ