ಬಸ್ಸಿನ ಕಿಟಕಿ ಗಾಜು

ಪುಟ್ಟಿ,

ನಿನ್ನನ್ನು ಹಾಸ್ಟೆಲಿಗೆ ಬಿಟ್ಟು ರಾತ್ರಿ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆ. ಕಿಟಕಿ ಗಾಜಿನಲ್ಲಿ ನನ್ನ ಮುಖ, ಅದರೊಳಗಿಂದಲೇ ಹೊರಗಿನ ಅಂಗಡಿ ದೀಪಗಳು. ನೀನು ಕೇಳಿದ್ದು ನೆನಪಾಯಿತು: "ಅಪ್ಪಾ, ನಾನು ಮೆಡಿಕಲ್ ತಗೊಂಡಿರೋ ಇನ್ನೊಂದು ಲೋಕ ಎಲ್ಲಾದ್ರೂ ಇರಬಹುದಾ?" ಅಷ್ಟರಲ್ಲಿ ಬಸ್ಸು ಬಂತು, ಸುಮ್ನೆ ನಕ್ಕು ಹತ್ತಿಬಿಟ್ಟೆ.

ಆ ಗಾಜಿನಿಂದಲೇ ಶುರು ಮಾಡುತ್ತೇನೆ. ಗಾಜಿನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಒಂದೊಂದು ಮೈಯಿಂದಲೂ ಸುಮಾರು ಶೇ 4ರಷ್ಟು ವಾಪಸ್ ಬರುತ್ತದೆ. ಉಳಿದದ್ದು ದಾಟಿ ಹೋಗುತ್ತದೆ. ಸರಿ, ಒಂದೇ ಒಂದು ಫೋಟಾನ್, ಅಂದರೆ ಬೆಳಕಿನ ಒಂದೇ ಕಣ ಬಂದರೆ? ಅದನ್ನು ತುಂಡು ಮಾಡೋಕಾಗಲ್ಲ. ಇಂಥ ಸಣ್ಣ ಕಣಗಳ ನಡೆ ಹೇಳುವ ಕ್ವಾಂಟಂ ಸಮೀಕರಣ ಕೇಳಿದರೆ ದಾಟಿತು, ವಾಪಸೂ ಬಂತು ಎನ್ನುತ್ತದೆ. ಉಪಕರಣ ಇಟ್ಟು ನೋಡಿದರೆ ಸಿಗುವುದು ಮಾತ್ರ ಒಂದೇ ಕಡೆ. ನೋಡಿದ ಕೂಡಲೇ ಇನ್ನೊಂದು ಸಾಧ್ಯತೆ ಮಾಯ ಅಂತ ಪಾಠದಲ್ಲಿ ಹೇಳಿಕೊಡುತ್ತಾರೆ, ಅಲ್ವಾ?

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹ್ಯೂ ಎವರೆಟ್ ಎಂಬ ಹುಡುಗನಿಗೆ ಈ 'ಮಾಯ' ಹಿಡಿಸಲಿಲ್ಲ. ಸಮೀಕರಣದಲ್ಲಿ ಅಂಥ ಸಾಲೇ ಇಲ್ಲವಲ್ಲ! ಯಾವುದೂ ಮಾಯವಾಗುವುದಿಲ್ಲ, ನೋಡುವವನೂ ಸಮೀಕರಣದ ಒಳಗೇ ಸೇರಿದವನು ಎಂದು 1957ರ ಪಿಎಚ್‌ಡಿ ಪ್ರಬಂಧದಲ್ಲಿ ಬರೆದ. ಫೋಟಾನ್ ದಾಟಿದ್ದು ಕಂಡವನೂ ಇದ್ದಾನೆ, ವಾಪಸ್ ಬಂದದ್ದು ಕಂಡವನೂ ಇದ್ದಾನೆ. ಇಬ್ಬರೂ ಬೇರೆ ಬೇರೆ ಕವಲಿನಲ್ಲಿ, ಅಂದರೆ ಬೇರೆ ಬೇರೆ ಲೋಕದಲ್ಲಿ; ಒಬ್ಬನ ಸುದ್ದಿ ಇನ್ನೊಬ್ಬನಿಗೆ ತಲುಪುವುದಿಲ್ಲ, ಅಷ್ಟೆ. 1959ರಲ್ಲಿ ಕೋಪನ್‌ಹೇಗನ್‌ಗೆ ಹೋಗಿ ಕ್ವಾಂಟಂ ವಿಜ್ಞಾನದ ಹಿರಿಯರಾದ ನೀಲ್ಸ್ ಬೋರ್ ಅವರನ್ನೇ ಕಂಡ. ಅವರು ಒಪ್ಪಲಿಲ್ಲ. ಅಷ್ಟರಲ್ಲಾಗಲೇ ಅವನು ಅಮೆರಿಕದ ರಕ್ಷಣಾ ಇಲಾಖೆಯ ಪೆಂಟಗನ್ನಿನಲ್ಲಿ ಯುದ್ಧದ ಲೆಕ್ಕ ಹಾಕುವ ಕೆಲಸಕ್ಕೆ ಸೇರಿಯಾಗಿತ್ತು. 1970ರಲ್ಲಿ ಬ್ರೈಸ್ ಡಿವಿಟ್ ಎಂಬ ಭೌತವಿಜ್ಞಾನಿ ಲೇಖನ ಬರೆದ ಮೇಲೆ ಈ ವಾದದ ಕಡೆ ಜಾಸ್ತಿ ಜನ ತಿರುಗಿದರು. 1982ರಲ್ಲಿ, 51ನೇ ವಯಸ್ಸಿಗೇ ಎವರೆಟ್ ತೀರಿಕೊಂಡ.

ನನಗೆ ಅವನ ಹಟ ಇಷ್ಟ. ಆದರೆ ಹೋಗಿ ನೋಡಿಬರಲಾಗದ ಲೋಕಗಳನ್ನು ಪೂರ್ತಿ ನಂಬಲು ಮನಸ್ಸು ಬಾರದು.

ಈಗ ನಿನ್ನ ಮೆಡಿಕಲ್ ವಿಷಯ. ಸಿನಿಮಾದಲ್ಲಿ ತೋರಿಸುವ ಹಾಗೆ, ನಾವು ಒಂದೊಂದು ತೀರ್ಮಾನ ಮಾಡಿದಾಗಲೂ ಲೋಕ ಕವಲೊಡೆಯುತ್ತದೆ ಎಂದು ಎವರೆಟ್ ಹೇಳಲಿಲ್ಲ. ಅವನ ಕವಲು ಹುಟ್ಟುವುದು ಫೋಟಾನಿನಂಥ ಕಡೆ, ನಮ್ಮ ಮನಸ್ಸಿನಲ್ಲಲ್ಲ. ನೀನೋ ಮೂರು ತಿಂಗಳು ಯೋಚಿಸಿ, ರಕ್ತ ಕಂಡರೆ ತಲೆ ಸುತ್ತುತ್ತದೆ ಅಂತ ಬಿಟ್ಟವಳು. ಎಷ್ಟು ಕವಲಿದ್ದರೂ ಮುಕ್ಕಾಲು ಪಾಲು ಕಡೆ ನೀನು ತಲೆ ಸುತ್ತಿಯೇ ಬೀಳುತ್ತೀಯ ಅಂತ ನನ್ನ ಅಂದಾಜು.

ಅಂದ ಹಾಗೆ, ಚಟ್ನಿಪುಡಿ ಡಬ್ಬ ನನ್ನ ಚೀಲದಲ್ಲೇ ಉಳಿದಿದೆ. ಅಮ್ಮ ಬೈದಳು. ಶನಿವಾರ ತರುತ್ತೇನೆ.

ನಿನ್ನ ಅಪ್ಪ